ಮಡಕೆಯಲ್ಲಿ ಉಳಿದ ಮುದ್ದೆ

ನನ್ನ ಹೊಟ್ಟೆಪಾಡು ಭಯೋತ್ಪಾದನೆ. ಹೀಗಂದರೆ ಅಮ್ಮನಿಗೆ ಸಿಟ್ಟು ಬರುತ್ತದೆ, ಆದರೆ ಇನ್ನು ಹೇಗೆ ಹೇಳಲಿ? ದೆಹಲಿಯ ಒಂದು ಸಂಶೋಧನಾ ಸಂಸ್ಥೆಗೆ ನಾನು ಸೇಲಂನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ವರದಿ ಬರೆಯುತ್ತೇನೆ. ಯಾವ ಗಡಿಯಲ್ಲಿ ಯಾವ ಗುಂಪು ಬಲಿಯಿತು, ಯಾವ ಸೈನ್ಯ ಏನು ತಂತ್ರ ಹೂಡಿತು, ಸರ್ಕಾರ ಇನ್ನು ಮುಂದೆ ಏನು ಮಾಡಿದರೆ ಒಳ್ಳೆಯದು, ಇಂಥವು. ಕೆಳಗೆ ಅಮ್ಮ ಸಾರಿಗೆ ಒಗ್ಗರಣೆ ಹಾಕುವಾಗ ಮೇಲೆ ನಾನು ಆತ್ಮಾಹುತಿ ದಾಳಿಗೆ ಅಡಿಟಿಪ್ಪಣಿ ಹಾಕುತ್ತಿರುತ್ತೇನೆ. ಪಕ್ಕದ ಮನೆಯಾಕೆ ಒಮ್ಮೆ ಕಾಂಪೌಂಡಿನಾಚೆಯಿಂದ "ಉಂಗ ಪೊಣ್ಣು ಪೊಲೀಸಾ?" ಎಂದು ಮಗಳ ಕೆಲಸ ಕೇಳಿದಾಗ ಅಮ್ಮ "ಅಯ್ಯೋ ಇಲ್ಲೆ, ಟೀಚರ್ ಮಾದಿರಿ" ಅಂದು ನನ್ನನ್ನು ಟೀಚರ್ ಥರದವಳನ್ನಾಗಿ ಮಾಡಿ ಸರಸರ ಒಳಗೆ ಬಂದುಬಿಟ್ಟಳು. ಪೊಲೀಸ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ. ಅದಕ್ಕೆ ಕಾರಣ ದೊಡ್ಡಪ್ಪ.

ಅಮ್ಮನ ಅಕ್ಕನ ಗಂಡ ಅವರು. ಮೆಟ್ಟೂರು ದಾಟಿ ಬೆಟ್ಟದ ಬುಡದಲ್ಲಿರುವ ಹಳ್ಳಿ, ಕುರಿ ಮೇಯಿಸುವ ಕನ್ನಡದ ಮನೆ. ನಾನು ಸೇಲಂನಲ್ಲಿ ಎರಡನೇ ಕ್ಲಾಸಿನಲ್ಲಿದ್ದಾಗ, ಬೆಟ್ಟದ ಕಾಡಿನಲ್ಲಿ ಅಡಗಿದ್ದ ಒಂದು ಗುಂಪನ್ನು ಹಿಡಿಯಲು ಬಂದಿದ್ದ ಪಡೆಯವರು ದೊಡ್ಡಪ್ಪನನ್ನು ವಿಚಾರಣೆಗೆ ಅಂತ ಕರೆದುಕೊಂಡು ಹೋದರು. ಅವರು ಹಿಂತಿರುಗಲಿಲ್ಲ. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಆ ಬಗ್ಗೆ ಮಾತು ಬಂದರೆ "ಇನ್ನೂ ಬಂದಿಲ್ಲ" ಅನ್ನುತ್ತಾರೆ, ಪೇಟೆಗೆ ಹೋದವರ ವಿಷಯ ಹೇಳುವ ಹಾಗೆ.

ಇತ್ತೀಚೆಗೆ ನಮ್ಮ ಸಂಸ್ಥೆ ಒಂದು ಹೊಸ ಕೆಲಸ ಎತ್ತಿಕೊಂಡಿತು. ಕಾಡಿನಲ್ಲಿ ಅಡಗಿದವರನ್ನು ಹಿಡಿದ ಹಳೆಯ ಕಾರ್ಯಾಚರಣೆಗಳಿಂದ ಇಂದಿನ ಸೈನ್ಯಗಳು ಏನು ಕಲಿಯಬಹುದು ಎಂಬುದು ವಿಷಯ. ನಮ್ಮ ಬೆಟ್ಟದ ಹುಡುಕಾಟವೂ ಅದರಲ್ಲಿ ಒಂದು ಅಧ್ಯಾಯ. ನಿರ್ದೇಶಕರು ವೀಡಿಯೊ ಕಾಲಿನಲ್ಲಿ, "ನೀವು ಆ ಕಡೆಯವರಲ್ಲವೇ? ಕನ್ನಡ, ತಮಿಳು ಎರಡೂ ಬರುತ್ತಲ್ಲ? ನಮಗೆ ಸ್ಥಳೀಯರ ದನಿ ಬೇಕು" ಅಂದರು. ಸ್ಥಳೀಯರ ದನಿಯಂತೆ! ನಾನು ಕಣ್ಣಲ್ಲಿ ನೋಡದ ದೇಶಗಳ ಬಗ್ಗೆ ವರ್ಷಗಟ್ಟಲೆ ಬರೆದಾಗ ಆ ದನಿ ಯಾರಿಗೂ ಬೇಕಿರಲಿಲ್ಲ. ಆದರೂ "ಆಗಲಿ ಸರ್" ಅಂದೆ. ನನಗೆ ಬೇರೆ ಲೆಕ್ಕಾಚಾರ ಇತ್ತು. ಈ ಕೆಲಸದ ನೆಪದಲ್ಲಿ ನಿವೃತ್ತ ಅಧಿಕಾರಿಗಳ ಮನೆ ಬಾಗಿಲು ತೆರೆಯುತ್ತದೆ, ನಮ್ಮ ಮನೆಯವರು ಯಾರೂ ಕೇಳಲಾಗದ್ದನ್ನು ನಾನು ಕೇಳಬಹುದು ಅಂದುಕೊಂಡೆ.

ದೊಡ್ಡಮ್ಮನ ಊರಿಗೆ ಹೊರಟ ದಿನ ದಾರಿಯಲ್ಲಿ ಸಿಗುವ ಮೇಚೇರಿಯಲ್ಲಿ ಸಂತೆ. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ, ಒಬ್ಬಾಕೆಯ ಮಡಿಲಲ್ಲಿ ಕೆಂಚು ಬಣ್ಣದ ಕುರಿಮರಿ, ಅದು ನನ್ನ ದುಪಟ್ಟದ ಅಂಚನ್ನು ಅಗಿಯುತ್ತಿತ್ತು. ಮೆಟ್ಟೂರಿನ ವಿದ್ಯುತ್ ಸ್ಥಾವರದ ಚಿಮಣಿ ಕಂಡಾಗ ಅರ್ಧ ಬಸ್ಸು ಖಾಲಿಯಾಯಿತು. ಅಲ್ಲಿಂದ ಟೌನ್ ಬಸ್ಸು ಹಿಡಿದು ಹಳ್ಳಿ ಮುಟ್ಟುವ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು.

"ಬಾರೇ ಯುದ್ಧದಮ್ಮ! ಎಲ್ಲಿ ನಿನ್ನ ಗುಂಡು, ಬಂದೂಕ?" ದೊಡ್ಡಮ್ಮ ಜಗಲಿಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಸಂತೆ ದಿನ ಬರಬ್ಯಾಡ ಅಂತ ಪೋನ್‌ನಾಗೆ ಏಳಿದ್ನೋ ಇಲ್ವೋ? ಓದಿದೋರ್ಗೆ ಏಳಿದ್ರೆ ಎಲ್ಲಿ ನಾಟ್ತೈತೆ. ಓಗು, ಮೊದ್ಲು ಮೊಕ ತೊಳ್ಕೊ."

ಅವಳು ತೆಳ್ಳಗೆ, ಉದ್ದಕ್ಕೆ, ಕೋಲಿನಂತಿದ್ದಾಳೆ. ಹಣೆಯ ಮೇಲೆ ಕಾಸಿನಗಲದ ಕುಂಕುಮ. ಆ ಕುಂಕುಮದ ಕತೆಯೇ ಒಂದು ಕತೆ. ಗಂಡ ಸತ್ತ ಸುದ್ದಿ ಬಂದಿಲ್ಲ, ಹಾಗಾಗಿ ಅವಳು ಮುತ್ತೈದೆ. ಗಂಡ ಬರಲೂ ಇಲ್ಲ, ಹಾಗಾಗಿ ಊರಿನವರಿಗೆ ಅನುಮಾನ. ಸೀಮಂತಕ್ಕೋ ನಾಮಕರಣಕ್ಕೋ ಅವಳನ್ನು ಕರೆಯುವವರು ಕುಂಕುಮ ಕೊಡುವ ಹೊತ್ತು ಮುಗಿದ ಮೇಲೆ ಬರುವ ಹಾಗೆ ನೋಡಿಕೊಂಡು ಕರೆಯುತ್ತಾರೆ. ಬೇಗ ಬಂದುಬಿಟ್ಟರೆ ಅವಳ ಹಣೆಗೆ ಯಾರೂ ಇಡುವುದಿಲ್ಲ, ಭರಣಿಯನ್ನು ಅವಳ ಮುಂದಕ್ಕೆ ತಳ್ಳಿ "ನೀನೇ ಇಟ್ಕ ಅಕ್ಕಾ" ಅನ್ನುತ್ತಾರೆ. ಅವಳು ಇಟ್ಟುಕೊಳ್ಳುತ್ತಾಳೆ. ಮೂವತ್ತು ಚಿಲ್ಲರೆ ವರ್ಷ ಹೀಗೇ ನಡೆದಿತ್ತು.

ಈಗ ಮೊಮ್ಮಗಳ ಮದುವೆ ಬಂದಿತ್ತು. ಗಂಡಿನ ಕಡೆಯವರು ಕಡಯಂಪಟ್ಟಿಯವರು, ನಮ್ಮವರೇ, ಆದರೆ ಅಂಗಡಿ ವ್ಯಾಪಾರದ ಜನ, ಮನೆಯಲ್ಲೂ ತಮಿಳೇ ಹೆಚ್ಚು, ಶಾಸ್ತ್ರವೂ ಹೆಚ್ಚು. ಮದುವೆಯ ಹಿಂದಿನ ದಿನ ಹೆಣ್ಣಿನ ಮನೆಯ ಹಿರಿಯ ಮುತ್ತೈದೆ ಬಾವಿಯಿಂದ ಮೊದಲ ಕೊಡ ನೀರು ತರಬೇಕು, ಆ ನೀರಿನಲ್ಲೇ ಹುಡುಗಿಗೆ ಎಣ್ಣೆ-ಅರಿಸಿನದ ಸ್ನಾನ. ಹೆಣ್ಣಿನ ಮನೆಯ ಹಿರಿಯವಳು ಎಂದರೆ ದೊಡ್ಡಮ್ಮ. ಅವಳು ತರಬಹುದೋ ಬಾರದೋ? ಕಡಯಂಪಟ್ಟಿಯಿಂದ ಗಂಡಿನ ಸೋದರತ್ತೆ ಎರಡು ಸಲ ಫೋನ್ ಮಾಡಿ ಕೇಳಿದ್ದಳಂತೆ.

ದೊಡ್ಡಮ್ಮನ ಮಗಳು, ನನಗೆ ಅಕ್ಕ, ಕಾಫಿ ತಂದಿಟ್ಟು ಪಿಸುಗುಟ್ಟಿದಳು. "ಬ್ಯಾರೆ ಯಾರಾದ್ರೂ ತರ್ಲಿ ಅಂದ್ರೆ ಅಮ್ಮ ಮೂರು ದಿನ ಉಣ್ಣಲಿಲ್ಲ ಕಣೇ."

"ಪಿಸಿಪಿಸಿ ಅನ್ಬ್ಯಾಡ, ನನ್ ಕಿವಿ ಚೆನ್ನಾಗೇ ಐತೆ," ಎಂದು ಜಗಲಿಯಿಂದ ದನಿ ಬಂತು. ದೊಡ್ಡಮ್ಮ ಮೊರ ಪಕ್ಕಕ್ಕಿಟ್ಟು ನನ್ನ ಎದುರು ಬಂದು ಕೂತಳು. "ನೋಡಮ್ಮಣ್ಣಿ, ನೀನು ಏನೋ ಕೇಳ್ಬೇಕು ಅಂತ ಬಂದಿದ್ದೀಯ. ಕೇಳು, ಎಲ್ಲ ಏಳ್ತೀನಿ. ಆದ್ರೆ ನಂದೂ ಎರಡು ಕೇಳ್ವಿ ಐತೆ. ನಿಮ್ಮ ಆಪೀಸಿನ ದೊಡ್ಡೋರು ಆ ಕಾಲದ ಅಧಿಕಾರಿಗಳ್ನ ಕೇಳ್ತಾರಲ್ಲ, ಅವ್ರತ್ರ ಉತ್ತರ ಈಸ್ಕೊಂಡು ಬಾ. ಒಂದು, ಅವ್ರು ಇದ್ದಾರಾ, ಇಲ್ವಾ. ಎರಡು, ನಾನು ಆಡಿದ ಮಾತಿಂದಾನೇ ಅವ್ರನ್ನ ಎತ್ಕೊಂಡೋದ್ರಾ."

"ಯಾವ ಮಾತು ದೊಡ್ಡಮ್ಮ?"

"ಮಿಷಿನ್ ಆನ್ ಮಾಡು. ಎರಡು ಸಲ ಏಳಕ್ಕೆ ನನ್ ಕೈಲಿ ಆಗಲ್ಲ."

ಆ ಮಾತನ್ನು ಅವಳು ತನ್ನ ಮಗಳಿಗೂ ಹೇಳಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಕುರಿ ಇರುವ ಮನೆಗಳಲ್ಲಿ ಸಂಜೆ ಅಡುಗೆಗೆ ಲೆಕ್ಕ ಹಿಡಿಯುವುದಿಲ್ಲ. ಮನೆಯವರಿಗಲ್ಲದೆ ನಾಲ್ಕೈದು ಮುದ್ದೆ ಹೆಚ್ಚಿಗೆ ಕಟ್ಟಿ ಮಡಕೆಯಲ್ಲಿ ಇಟ್ಟೇ ಇಡುತ್ತಾರೆ. ಬೇರೆ ಊರಿನ ಕುರಿಯವರು ಹೊತ್ತು ಮುಳುಗಿದ ಮೇಲೆ ಬಂದು ಹಟ್ಟಿಯ ಪಕ್ಕ ತಂಗುತ್ತಾರೆ, ಅವರನ್ನು ಊಟ ಆಯಿತೇ ಎಂದು ಕೇಳುವ ಪದ್ಧತಿ ಇಲ್ಲ, ಇಕ್ಕುವುದಷ್ಟೆ. ಯಾರೂ ಬರದಿದ್ದರೆ ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ ಮನೆಯವರು ಕುಡಿಯುತ್ತಾರೆ, ನಾಯಿಗೂ ಹಾಕುತ್ತಾರೆ. ಅವತ್ತು ಪಡೆಯವರು ಬಂದು ಮನೆ ಶೋಧಿಸುವಾಗ ಒಬ್ಬ ಮಡಕೆಯ ಮುಚ್ಚಳ ತೆಗೆದನಂತೆ.

"ಮನೇಲಿರೋದು ನಾನು, ಅವ್ರು, ಇವ್ಳು ಸಣ್ಣ ಹುಡ್ಗಿ. ಇಷ್ಟೊಂದು ಉಂಡೆ ಯಾರ್ಗೆ ಅಂದ. ನಾನು ಒಲೆ ಮುಂದೆ ಕೂತಿದ್ದೆ. ಯಾರಾದ್ರೂ ಬಂದ್ರೆ ಇರ್ಲಿ ಅಂತ ಸಾಮಿ, ಅಂದೆ." ದೊಡ್ಡಮ್ಮ ಸೆರಗಿಗೆ ಹತ್ತಿದ ಅವರೆ ಸಿಪ್ಪೆ ಕೊಡವಿದಳು. "ಯಾರು ಬರ್ತಾರೆ ಅಂದ. ಬರ್ತಾರೆ ಸಾಮಿ, ದಿನಾ ಯಾರಾದ್ರೂ ಬರ್ತಾರೆ ಅಂದೆ. ಅಷ್ಟೇಯ. ನಾಯಿಗೆ ಅಂದಿದ್ರೆ ಆಗ್ತಿತ್ತು. ನಾಯೀನೂ ಅಲ್ಲೇ ಬಾಗಿಲಾಗೆ ಬಾಲ ಆಡಿಸ್ಕೊಂಡು ನಿಂತಿತ್ತು. ಆ ಮಾತು ನನ್ ಬಾಯಿಗೆ ಯಾಕೆ ಬರ್ಲಿಲ್ಲ?"

ಯಾಕೆ ಬರಲಿಲ್ಲ ಎಂದು ನನಗೆ ಗೊತ್ತು. ಜನರಿಗೆ ಅಂತ ಕಟ್ಟಿದ ಮುದ್ದೆಯನ್ನು ನಾಯಿಗೆ ಅಂತ ಹೇಳುವುದು ಆ ಮನೆಗಳಲ್ಲಿ ಬಾಯಿಗೆ ಬರುವುದೇ ಇಲ್ಲ, ಅನ್ನಕ್ಕೆ ಮಾಡುವ ಅವಮಾನ ಅದು. ಬೇರೆ ಯಾವ ಹೆಂಗಸಾಗಿದ್ದರೂ ಒಂದು ಸುಳ್ಳು ಹೇಳಿ ಬಚಾವಾಗುತ್ತಿದ್ದಳೇನೋ. ಇವಳು ನಿಜ ಹೇಳಿದಳು, ಅವರಿಗೆ ಅದು ಕಾಡಿನಲ್ಲಿ ಅಡಗಿದವರಿಗೆ ಇಟ್ಟ ಊಟವೆಂದು ಕೇಳಿಸಿರಬೇಕು, ಮರುಗಳಿಗೆ ಗಂಡನನ್ನು ಜೀಪಿಗೆ ಹತ್ತಿಸಿದರು. ಅಂದಿನಿಂದ ತಾನೇ ಗಂಡನನ್ನು ಹಿಡಿದುಕೊಟ್ಟೆ ಎಂದು ನಂಬಿಕೊಂಡು ಬಂದಿದ್ದಳು. ರೆಕಾರ್ಡರ್ ಆಫ್ ಮಾಡಲು ನನ್ನ ಬೆರಳಿಗೆ ಬಟನ್ ಸಿಗಲಿಲ್ಲ.

ಸಂದರ್ಶನವನ್ನು ಇಂಗ್ಲಿಷಿಗೆ ಇಳಿಸಿ ಕಳಿಸಿದೆ. ಹೆಸರು, ಊರು, ಸಂಬಂಧ ಯಾವುದನ್ನೂ ಹಾಕಲಿಲ್ಲ. ನಿರ್ದೇಶಕರು ಅರ್ಧ ಗಂಟೆಯಲ್ಲಿ ಫೋನ್ ಮಾಡಿದರು. ದನಿಯಲ್ಲಿ ಹಬ್ಬ. "ಅದ್ಭುತ ಮಾಹಿತಿ ರೀ ಇದು! ಇನ್ನು ಆ ಕಡೆಯ ಅಧಿಕಾರಿ ಯಾರಾದರೂ ಸಿಕ್ಕರೆ ಅಧ್ಯಾಯ ಮುಗಿದ ಹಾಗೆ."

ಅಧಿಕಾರಿ ಸಿಕ್ಕರು. ಎಲ್ಲಿ ಅಂತೀರಿ? ಸೇಲಂನಲ್ಲೇ, ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ. ನಾನು ದಿನಾ ತರಕಾರಿ ತರುವ ಅಂಗಡಿಯಲ್ಲೇ ಅವರ ಮನೆಗೂ ಸೊಪ್ಪು ಹೋಗುತ್ತಿತ್ತು. ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು. ಮಂಡಿ ನೋವು, ಮೆಲುದನಿ, ಅಂಗಳದ ತುಂಬ ಗುಲಾಬಿ ಕುಂಡ. ಅವರ ಹೆಂಡತಿ ನನಗೆ ಕಡಲೆ ಸುಂಡಲ್ ತಂದುಕೊಟ್ಟು "ಸಾಪ್ಪಿಡುಮ್ಮಾ" ಎಂದು ಬಲವಂತ ಮಾಡಿದರು. ರಾಕ್ಷಸನಂಥವರನ್ನು ಕಾಣುತ್ತೇನೆ ಅಂದುಕೊಂಡು ಹೋಗಿದ್ದೆ, ನಮ್ಮ ಚಿಕ್ಕಪ್ಪನ ಹಾಗಿದ್ದರು. ಅದು ನನಗೆ ಇನ್ನೂ ಕಷ್ಟವಾಯಿತು.

ಶಿಬಿರ ಎಲ್ಲಿತ್ತು, ಎಷ್ಟು ತಂಡ, ಮಾಹಿತಿ ಹೇಗೆ ಬರುತ್ತಿತ್ತು ಎಂದೆಲ್ಲ ವರದಿಗೆ ಬೇಕಾದ್ದನ್ನು ಕೇಳಿದೆ. ಅವರು ತಮಿಳಿನಲ್ಲಿ ಹೇಳುತ್ತಾ ಹೋದರು. ಕೊನೆಗೆ ಆ ಹಳ್ಳಿಯ ಹೆಸರೆತ್ತಿ, ಅಲ್ಲಿಂದ ಕರೆತಂದ ಒಬ್ಬ ಕುರಿಯವನ ನೆನಪಿದೆಯೇ ಅಂದೆ.

"ರೆಕಾರ್ಡರ್ ನಿಲ್ಲಿಸಿ," ಅಂದರು. ನಿಲ್ಲಿಸಿದೆ. "ನಿಮ್ಮಲ್ಲಿ ನಿಯಮ ಇದೆಯಲ್ಲ, ಕೇಳಬಹುದು, ಬರೆಯಬಾರದು. ಇದು ಹಾಗೆ."

"ಸರಿ."

"ಒಬ್ಬ ಕುರಿಯವನಿದ್ದ. ಹೊತ್ತು ಮುಳುಗುವಾಗ ಕಿಟಕಿ ಕಡೆ ತಿರುಗಿ ಕುರಿ ಕರೆಯುತ್ತಿದ್ದ. ನಾಲಗೆ ಮಡಿಸಿ ಟ್ರೂ ಟ್ರೂ ಅಂತ, ಆಮೇಲೆ ಉದ್ದಕ್ಕೆ ಒಂದು ಕೂಗು. ನಮ್ಮ ಪಡೆಯ ಹುಡುಗರು ನಕ್ಕರು. ಮಾರನೇ ದಿನವೂ ಕರೆದ. ಆಮೇಲೆ ಯಾರೂ ನಗಲಿಲ್ಲ."

ಒಂದೊಂದು ಮನೆಗೂ ಕುರಿ ಕರೆಯುವ ರೀತಿ ಬೇರೆ. ಆ ಕೂಗು ದೊಡ್ಡಪ್ಪನದೇ. ಬೇಸಿಗೆ ರಜೆಯಲ್ಲಿ ನಾನು ಅದನ್ನೇ ಅಣಕಿಸಿ ಕುರಿಗಳನ್ನು ಗಾಬರಿ ಮಾಡಿ ಬೈಸಿಕೊಂಡಿದ್ದೆ. "ಆಮೇಲೆ?" ಅಂದೆ.

"ಉಳಿಯಲಿಲ್ಲ. ಒಂದು ವಾರವೂ ಇರಲಿಲ್ಲ ಅನಿಸುತ್ತದೆ. ಜ್ವರ ಅಂತ ಬರೆದರು. ಹೊಳೆ ಕಡೆ ಸುಟ್ಟರು, ಗುರುತು ಸಿಗದವನು ಅಂತ."

"ಹೆಸರು ಗೊತ್ತಿತ್ತಲ್ಲ ಸಾರ್ ನಿಮಗೆ?"

"ಹೆಸರಿನಿಂದ ತಾನೆ ಕರೆತಂದದ್ದು," ಎಂದು ಅವರು ತಾವೇ ಹೇಳಿದ ಮಾತನ್ನು ಆಮೇಲೆ ಕೇಳಿಸಿಕೊಂಡವರಂತೆ ಮುಖ ತಿರುಗಿಸಿ ಗುಲಾಬಿ ಕುಂಡ ನೋಡಿದರು. "ಆ ಊರಿನವರೇ ಒಬ್ಬರು ಹೆಸರು ಕೊಟ್ಟಿದ್ದರು. ಮೇವಿನ ಜಗಳವೋ, ಭಯವೋ. ಆಗೆಲ್ಲ ಹೆಸರು ಕೊಡದಿದ್ದರೆ ಕೊಡದವನನ್ನೇ ಕರೆತರುತ್ತಿದ್ದೆವು."

"ಹಾಗಾದರೆ ಮಡಕೆಯಲ್ಲಿ ಮುದ್ದೆ ಹೆಚ್ಚಿಗೆ ಇತ್ತು ಅಂತ ಅಲ್ಲವೇ?"

"ಯಾವ ಮುದ್ದೆ?" ಅಂದರು. ಅವರಿಗೆ ಆ ವಿಷಯವೇ ಗೊತ್ತಿರಲಿಲ್ಲ.

ಹೊರಗೆ ಬಂದು ಆಟೋ ಹತ್ತದೆ ಬಿಸಿಲಲ್ಲೇ ನಡೆದೆ. ಎರಡೂ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಮೊದಲನೆಯದನ್ನು ನೆನೆದರೆ ಅಳು ಬರುತ್ತಿತ್ತು. ಎರಡನೆಯದನ್ನು ನೆನೆದಾಗ ಮಾತ್ರ ಏನೋ ಒಂದು ಸಮಾಧಾನ. ಪಾಪ, ಇಷ್ಟು ವರ್ಷ ಇಲ್ಲದ ಹೊರೆ ಹೊತ್ತಿದ್ದಾಳೆ, ಅದನ್ನಾದರೂ ಇಳಿಸುತ್ತೇನೆ ಅಂದುಕೊಂಡೆ.

ಅಷ್ಟರಲ್ಲಿ ವರದಿಯ ಕರಡು ಬಂತು. ನಮ್ಮ ವರದಿಗಳಲ್ಲಿ ಮುಖ್ಯವಾದದ್ದನ್ನು ಬಣ್ಣದ ಚೌಕಟ್ಟಿನೊಳಗೆ ಹಾಕುವುದು ವಾಡಿಕೆ. ಅಧ್ಯಾಯದ ನಡುವೆ ನೀಲಿ ಚೌಕಟ್ಟು, ಅದರ ತಲೆಬರಹ: ಮನೆಯ ಹೆಚ್ಚುವರಿ ಅಡುಗೆ, ಅಡಗಿದವರಿಗೆ ಬೆಂಬಲದ ಸೂಚನೆ. ಕೆಳಗೆ ದೊಡ್ಡಮ್ಮನ ಮಾತು. ಅದರ ಕೆಳಗೆ ಶಿಫಾರಸು. ಕಾಡಂಚಿನ ಹಳ್ಳಿಗಳಲ್ಲಿ ಶೋಧಕ್ಕೆ ಹೋಗುವ ತಂಡಗಳು ಮನೆಯ ಜನಸಂಖ್ಯೆಗೂ ಬೇಯಿಸಿದ ಆಹಾರಕ್ಕೂ ಇರುವ ಅಂತರವನ್ನು ತಪ್ಪದೆ ಗಮನಿಸಬೇಕು, ಇದು ಅಗ್ಗದ, ಪರಿಣಾಮಕಾರಿ ವಿಧಾನ, ಹೀಗೆ. ಓದಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನನ್ನು ಕಳಕೊಂಡವಳ ಮಾತಿನಿಂದ ಇನ್ನಷ್ಟು ಗಂಡಂದಿರನ್ನು ಎತ್ತಿಕೊಂಡು ಹೋಗುವ ಉಪಾಯ ಕಲಿಸುತ್ತಿದ್ದೆವು.

"ಸರ್, ಇದು ಸುಳ್ಳು," ಅಂದೆ ವೀಡಿಯೊ ಕಾಲಿನಲ್ಲಿ. "ಅವನನ್ನು ಹಿಡಿದದ್ದು ಮುದ್ದೆಯಿಂದ ಅಲ್ಲ. ಅಧಿಕಾರಿಯೇ ಹೇಳಿದ್ದಾರೆ."

"ಅದು ದಾಖಲೆಯಲ್ಲಿ ಇದೆಯೇ?"

"ಇಲ್ಲ."

"ಆ ಹೆಂಗಸಿನ ಮಾತು?"

"ಇದೆ."

"ಮತ್ತೆ? ನಾವು ದಾಖಲೆಯಲ್ಲಿರುವುದನ್ನು ತಾನೆ ಬರೆಯಬೇಕು?" ಅವರು ಸಿಟ್ಟಾಗಲಿಲ್ಲ, ಪಾಠ ಹೇಳುವ ದನಿಯಲ್ಲಿ ಹೇಳಿದರು.

"ಅವನು ಕುರಿಯವನು ಅಷ್ಟೇ ಸರ್. ಕುರಿ ಇರುವ ಎಲ್ಲ ಮನೆಯಲ್ಲೂ ಹೆಚ್ಚಿಗೆ ಅಡುಗೆ ಮಾಡುತ್ತಾರೆ. ಆ ಹೆಂಗಸು ನನ್ನ ದೊಡ್ಡಮ್ಮ."

ಪರದೆಯ ಮೇಲೆ ಅವರ ಮುಖ ಹಾಗೇ ನಿಂತಿತು, ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅವರು, "ಸಂಬಂಧಿಕರನ್ನು ಸಂದರ್ಶನ ಮಾಡಬಾರದಿತ್ತು. ಮೊದಲೇ ಹೇಳಬೇಕಿತ್ತು ನೀವು" ಅಂದರು. ಅದು ನಿಜವೇ. ಆದರೆ ಚೌಕಟ್ಟು ತೆಗೆಯಿರಿ ಅಂದರೆ ತೆಗೆಯಲಿಲ್ಲ. ಕೊನೆಗೆ ನನ್ನ ಹೆಸರನ್ನಾದರೂ ತೆಗೆಯಿರಿ ಅಂದೆ, ಅದನ್ನು ತಕ್ಷಣ ಒಪ್ಪಿಕೊಂಡರು. ವರದಿ ಹೊರಬಂತು. ಎಲ್ಲೋ ಹೊರದೇಶದ ಸಮ್ಮೇಳನದಲ್ಲಿ ಆ ನೀಲಿ ಚೌಕಟ್ಟನ್ನು ದೊಡ್ಡ ಪರದೆಯ ಮೇಲೆ ತೋರಿಸಿದರಂತೆ, ಸೈನ್ಯದವರು ಬಹಳ ಮೆಚ್ಚಿಕೊಂಡರಂತೆ.

ಮದುವೆಯ ಹಿಂದಿನ ದಿನ ಹಳ್ಳಿಗೆ ಹೋದೆ. ಚಪ್ಪರ ಹಾಕಿತ್ತು, ಸೀರಿಯಲ್ ಲೈಟು, ಲೌಡ್‌ಸ್ಪೀಕರಿನಲ್ಲಿ ಕಿವಿ ಕಿತ್ತುಹೋಗುವ ಹಾಗೆ ತಮಿಳು ಹಾಡು. ನಡುಮನೆಯಲ್ಲಿ ಹೆಂಗಸರು ಅರಿಸಿನ ಕುಟ್ಟುತ್ತಿದ್ದರು. ಬಾಗಿಲ ಬಳಿ ಬಳೆಯಂತೆ ಹೊಳೆಯುವ ಹಿತ್ತಾಳೆ ಕೊಡ. ನಾನು ಒಳಗೆ ಕಾಲಿಟ್ಟದ್ದೇ ಕಡಯಂಪಟ್ಟಿಯ ಸೋದರತ್ತೆ ಕುಟ್ಟುವುದನ್ನು ನಿಲ್ಲಿಸಿ ದೊಡ್ಡಮ್ಮನ ಕಡೆ ಕೈ ತೋರಿಸಿ ನನ್ನನ್ನೇ ಕೇಳಿದಳು, "ಇವಂಗ ಸುಮಂಗಲಿ ತಾನೆ? ನೀಂಗ ವಿಸಾರಿಕ್ಕ ಪೋನೀಂಗಳಾಮೆ?" ನಾನು ವಿಚಾರಿಸಲು ಹೋಗಿದ್ದ ವಿಷಯ ಇಡೀ ಊರಿಗೆ ಗೊತ್ತಾಗಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು.

ದೊಡ್ಡಮ್ಮ ಮೂಲೆಯಿಂದ ಎದ್ದಳು. "ಅವ್ಳು ಈಗ ಬಸ್ಸಿಳಿದು ಬಂದವ್ಳೆ, ಒಂದು ಲೋಟ ನೀರಾದ್ರೂ ಕೊಟ್ರೇನ್ರೇ?" ಎನ್ನುತ್ತಾ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಕುರಿಹಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬೆರಳಿಗೆಲ್ಲ ಅರಿಸಿನ.

"ದೊಡ್ಡಮ್ಮ..."

"ಸುಮ್ನಿರು. ಬಾಯಿ ಬಿಟ್ಟೆ ಅಂದ್ರೆ ನೋಡು. ಮದ್ವೆ ಕಳೀಲಿ, ಆಮೇಕೆ ಬಂದು ಏಳು." ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ನನ್ನ ಮುಖದಲ್ಲಿ ಏನಿತ್ತೋ, ಅಷ್ಟು ಸಾಕಾಯಿತು. ಕೆನ್ನೆಗೆ ಹತ್ತಿದ ಅರಿಸಿನವನ್ನು ತನ್ನ ಸೆರಗಿನಿಂದಲೇ ಒರೆಸಿ ನನ್ನನ್ನು ಒಳಗೆ ಕಳಿಸಿದಳು.

ಆಮೇಲೆ ಅವಳು ನಡುಮನೆಗೆ ಬಂದು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಕುಟ್ಟುವ ಸದ್ದು ನಿಂತಿತು. "ಅವ್ರು ಸತ್ರು ಅಂತ ಯಾರೂ ಬಂದು ನನಗೆ ಏಳಿಲ್ಲ," ಅಂದಳು, ಯಾರ ಕಡೆಯೂ ನೋಡದೆ. "ಏಳೋ ತಂಕ ನಾನು ಮುತ್ತೈದೆ. ಬರೋರು ಬನ್ನಿ ಬಾವಿತಾವ." ಅಕ್ಕ ಎದ್ದಳು, ಇನ್ನಿಬ್ಬರು ಎದ್ದರು, ಸೋದರತ್ತೆ ಮುಖ ಗಂಟಿಕ್ಕಿಕೊಂಡೇ ಕೊನೆಗೆ ಬಂದಳು. ದೊಡ್ಡಮ್ಮ ತುಂಬಿದ ಕೊಡ ಹೊತ್ತು ಬರುವಾಗ ನೀರು ತುಳುಕಿ ರವಿಕೆಯೆಲ್ಲ ಒದ್ದೆಯಾಗಿತ್ತು. ಮೊಮ್ಮಗಳ ತಲೆಯ ಮೇಲೆ ಮೊದಲ ಚೊಂಬು ಅವಳೇ ಹುಯ್ದಳು. ಅದೆಂಥ ಗಟ್ಟಿ ಹೆಂಗಸೋ, ಹುಯ್ಯುವಾಗ ಒಂದು ಹನಿ ಆಚೀಚೆ ಚೆಲ್ಲಲಿಲ್ಲ.

ವಾರ ಕಳೆದು ಮತ್ತೆ ಹೋದೆ. ಚಪ್ಪರ ಬಿಚ್ಚಿದ್ದರು. ಬೀದಿಯ ಮನೆಮನೆಯಿಂದ ತಂದಿದ್ದ ಕೊಳದಪ್ಪಲೆ, ಸೌಟುಗಳು ಜಗಲಿಯ ಮೇಲೆ ತೊಳೆದು ಬೋರಲು ಹಾಕಿದ್ದವು, ಇನ್ನೂ ವಾಪಸು ಕೊಟ್ಟಿರಲಿಲ್ಲ. ಅಕ್ಕ ಮಗಳನ್ನು ನೋಡಲು ಕಡಯಂಪಟ್ಟಿಗೆ ಹೋಗಿದ್ದಳು. ಮನೆಯಲ್ಲಿ ದೊಡ್ಡಮ್ಮ ಒಬ್ಬಳೇ.

"ಈಗ ಏಳು," ಅಂದಳು.

ಹೇಳಿದೆ. ಶಿಬಿರ, ಕಿಟಕಿ, ಕುರಿ ಕರೆದದ್ದು, ಜ್ವರ, ಹೊಳೆ. ಮಧ್ಯೆ ನನಗೇ ಅಳು ಬಂದು ನಿಲ್ಲಿಸಿದೆ, ಅವಳು ನಿಲ್ಲಿಸಲು ಬಿಡಲಿಲ್ಲ.

"ಜ್ವರ ಅಂತೆ ಅಂದ್ಯಲ್ಲ. ಅಂತೆ ಅಂದ್ರೆ?"

"ಅವರು ಹಾಗೆ ಬರೆದದ್ದು ದೊಡ್ಡಮ್ಮ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ."

"ಅಂಗೇನು." ಅವಳು ನೆಲ ನೋಡುತ್ತಾ ಕೂತಳು. "ಯಾವ ದಿನ?"

"ಅದೂ ಗೊತ್ತಿಲ್ಲ. ಕರೆದುಕೊಂಡು ಹೋಗಿ ಒಂದು ವಾರದೊಳಗೇ ಅಂತೆ."

ಅವಳು ಎದ್ದು ಹಿತ್ತಲಿನ ತೊಟ್ಟಿಯ ಬಳಿ ಹೋದಳು. ನೀರು ಎರಚಿಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಹಿಂತಿರುಗಿ ಬಂದಾಗ ಹಣೆ ಬರಿದಾಗಿತ್ತು, ಕುಂಕುಮ ಇದ್ದ ಜಾಗ ಮಾತ್ರ ಬಿಳಿಚಿಕೊಂಡಿತ್ತು. ಆ ಮುಖವನ್ನು ನಾನು ಹುಟ್ಟಿದಾಗಿನಿಂದ ಹಾಗೆ ನೋಡಿರಲಿಲ್ಲ, ನೋಡಲಾಗಲಿಲ್ಲ. ಅವಳು ಗೋಡೆಗೊರಗಿ ದನಿಯಿಲ್ಲದೆ ಅತ್ತಳು, ನಾನು ಪಕ್ಕದಲ್ಲಿ ಕೂತಿದ್ದೆ. ಹಟ್ಟಿಯಲ್ಲಿ ಕುರಿಗಳು ನೀರಿಗೆ ಅರಚುತ್ತಿದ್ದವು.

ಕೊನೆಗೆ ಅವಳೇ ಕೇಳಿದಳು. "ಎರಡನೇದು?"

ಇದಕ್ಕೇ ನಾನು ಕಾದಿದ್ದೆ. ಅವಳ ಕೈ ಹಿಡಿದುಕೊಂಡೆ. "ನಿನ್ನ ಮಾತಿನಿಂದ ಅಲ್ಲ ದೊಡ್ಡಮ್ಮ. ಮುದ್ದೆಯ ವಿಷಯ ಆ ಅಧಿಕಾರಿಗೆ ಗೊತ್ತೇ ಇಲ್ಲ. ನೀನು ನಾಯಿಗೆ ಅಂದಿದ್ದರೂ, ಮಡಕೆ ಬರಿದಾಗಿದ್ದರೂ ಕರೆದುಕೊಂಡು ಹೋಗುತ್ತಿದ್ದರು. ಅವರ ಕೈಲಿ ಮೊದಲೇ ದೊಡ್ಡಪ್ಪನ ಹೆಸರು ಇತ್ತು. ಇಷ್ಟು ವರ್ಷ ಸುಮ್ಮನೆ ನಿನ್ನನ್ನೇ ಬೈದುಕೊಂಡೆ."

ಅವಳ ಮುಖ ಸಡಿಲಾಗುತ್ತದೆ ಎಂದು ನೋಡುತ್ತಿದ್ದೆ. ಆಗಲಿಲ್ಲ.

"ಎಸರು ಅವ್ರಿಗೆ ಎಲ್ಲಿಂದ ಬಂತು?"

ಆಗ ನನಗೆ ಹೊಳೆಯಿತು, ನಾನು ಏನು ಹೇಳಿಬಿಟ್ಟೆ ಅಂತ. ಸುಳ್ಳು ಹೇಳಬಹುದಿತ್ತು. ಆದರೆ ಅವಳು ಆಗಲೇ ನನ್ನ ಮುಖ ನೋಡುತ್ತಿದ್ದಳು.

"ಊರಿನವರೇ ಯಾರೋ ಒಬ್ಬರು ಕೊಟ್ಟರಂತೆ. ಯಾರು ಅಂತ ಅವರು ಹೇಳಲಿಲ್ಲ."

ದೊಡ್ಡಮ್ಮ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ತೆರೆದ ಬಾಗಿಲಿಂದ ಬೀದಿ ಕಾಣುತ್ತಿತ್ತು. ಎದುರು ಮನೆಯ ಮುದುಕ ಮಂಚದ ಮೇಲೆ ಕೂತು ಬೀಡಿ ಸೇದುತ್ತಿದ್ದ, ಅವನ ಪಕ್ಕದ ಮನೆಯಾಕೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು, ನಮ್ಮ ದಾಯಾದಿಗಳ ಮನೆಯ ಮುಂದೆ ಯಾರೋ ನಗುತ್ತಿದ್ದರು. ಅವಳು ಒಂದೊಂದೇ ಮನೆ ನೋಡುತ್ತಾ ಹೋದಳು, ಕೊನೆಯ ಮನೆಯವರೆಗೂ.

"ನನ್ ತಪ್ಪೇ ಅಂತ ಇದ್ದಿದ್ರೆ ಚೆನ್ನಾಗಿತ್ತು ಕಣೇ," ಅಂದಳು. "ಮದ್ವೇಲಿ ಈ ಬೀದಿಯೋರಿಗೆಲ್ಲ ನಾನೇ ಕೈಯಾರೆ ಬಡಿಸ್ದೆ."

ಹಗಲು ಹೊತ್ತಿನಲ್ಲಿ ಆ ಬೀದಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ದೊಡ್ಡಮ್ಮ ಎದ್ದು ಹೋಗಿ ಬಾಗಿಲು ಹಾಕಿ ಅಗುಳಿ ಇಟ್ಟಳು.